ಅನ್ಯಜನ ಅಂದರೆ ನಾವೇ

ನಮ್ಮಜ್ಜಿ ತೀರಿಕೊಂಡ ಮೂರನೆಯ ದಿನ ಭಾನುವಳ್ಳಿಯ ನಮ್ಮ ಮನೆಯಲ್ಲಿ ಎರಡು ಕಾರ್ಯ ನಡೆದವು. ಬೆಳಿಗ್ಗೆ ಚಿಕ್ಕಪ್ಪ ನೆಂಟರನ್ನು ಕರೆದುಕೊಂಡು ಸಮಾಧಿಗೆ ಹೋಗಿ ಹಾಲು ತುಪ್ಪ ಬಿಟ್ಟು ಬಂದರು. ಸಂಜೆ ಪಡಸಾಲೆಯಲ್ಲಿ ಪ್ರಾರ್ಥನೆ. ಅಪ್ಪ ಹರಿಹರದಲ್ಲಿ ಕಾರ್ಖಾನೆ ಕೆಲಸಕ್ಕಿದ್ದ ಕಾಲದಲ್ಲಿ ಅವ್ವನ ಜೊತೆ ದೀಕ್ಷಾಸ್ನಾನ ಪಡೆದಿದ್ದರು. ಅಜ್ಜಿ ಪಡೆದಿರಲಿಲ್ಲ, ಚಿಕ್ಕಪ್ಪನೂ ಪಡೆದಿಲ್ಲ. ಆದರೂ ಅವರು ಸಂಜೆ ಬಂದು ಜಮಖಾನದ ತುದಿಯಲ್ಲಿ ಕೈಮುಗಿದು ಕೂತಿದ್ದರು.

ಪ್ರಾರ್ಥನೆ ನಡೆಸಲು ಬಂದಿದ್ದ ಸಭಾಪಾಲಕರು ನಮ್ಮ ಊರಿನವರಲ್ಲ. ಹಾಡಾಯಿತು, ವಾಕ್ಯ ಓದಿದ್ದಾಯಿತು. ಆಮೇಲೆ ಅವರು ಗೋಡೆಯ ಮೇಲಿದ್ದ ಅಜ್ಜಿಯ ಫೋಟೋ ಕಡೆ ನೋಡಿ, ಈ ತಾಯಿ ರಕ್ಷಣೆ ಹೊಂದದೆ ಹೋದರು, ಅನ್ಯಜನರಾಗಿ ಬದುಕಿ ಅನ್ಯಜನರಾಗಿಯೇ ಸತ್ತರು, ಒಡಂಬಡಿಕೆಯ ಹೊರಗಿದ್ದವರ ಗತಿ ಏನೆಂದು ನಿಮಗೆಲ್ಲ ಗೊತ್ತು, ಉಳಿದವರಾದರೂ ಎಚ್ಚರವಾಗಲಿ ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಹವಾಮಾನ ವರದಿ ಓದುವವರಂತೆ ಹೇಳಿದರು.

ಎಲ್ಲರೂ ಚಹಾ ಕುಡಿದು ಎದ್ದ ಮೇಲೆ ಚಿಕ್ಕಪ್ಪ ನನ್ನನ್ನು ಕಟ್ಟೆಗೆ ಕರೆದು ಕೇಳಿದರು: "ನೀನು ಓದಿದೋನು, ಹೇಳಪ. ಅನ್ಯಜನ ಅಂದ್ರೆ ಯಾರು? ನಮ್ಮವ್ವನಾ? ನಮ್ಮವ್ವ ಈ ಮನೆಗೆ ಯಾವಾಗಿಂದ ಅನ್ಯಳಾದ್ಲು?"

ಆ ಹೊತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಕೊಡುತ್ತಿದ್ದೇನೆ. ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಸತ್ತವರಿಗಾಗಿ ಪ್ರಾರ್ಥಿಸುವ ರೂಢಿ ನಮ್ಮಂಥ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಲ್ಲ, ಅದು ನನ್ನ ತಕರಾರೂ ಅಲ್ಲ. ಬೈಬಲ್ ಕೈಯಲ್ಲಿ ಹಿಡಿದು ಬೈಬಲ್ ಹೇಳದ ತೀರ್ಪನ್ನು ಕೊಟ್ಟದ್ದು ನನ್ನ ತಕರಾರು. ದೇವರು ಇಸ್ರಾಯೇಲಿನೊಂದಿಗೆ ಮಾಡಿದ ಒಡಂಬಡಿಕೆ ಇಸ್ರಾಯೇಲಿನ ಆಚೆಗೂ ಹರಿಯುತ್ತದೆಯೇ, ರಕ್ಷಣೆ ಹೊರಗಿನವರಿಗೂ ಇದೆಯೇ ಎಂಬುದು ಎರಡು ಸಾವಿರ ವರ್ಷದ ಜಗಳ. ಆ ಜಗಳದಲ್ಲಿ ಹೊರಗಿನವರ ಪರವಾಗಿ ತೀರ್ಪು ಬಂದದ್ದರಿಂದಲೇ ಭಾನುವಳ್ಳಿಯಲ್ಲಿ ಅವತ್ತು ಸಂಜೆ ಒಂದು ಬೈಬಲ್ ಇತ್ತು. ಆ ತೀರ್ಪಿನ ಫಲವನ್ನು ಉಣ್ಣುತ್ತಿರುವವರೇ ಅದನ್ನು ಇನ್ನೊಬ್ಬರಿಗೆ ನಿರಾಕರಿಸುತ್ತಿರುವುದು ನನಗೆ ಸಹಿಸಲಾಗದ ಮಾತು.

ಮೊದಲು ಪದವನ್ನೇ ನೋಡೋಣ. ಸಾಹಿತ್ಯ ಓದುವವರಿಗೆ ಪದ ಸಣ್ಣ ವಿಷಯವಲ್ಲ.

ಹೀಬ್ರೂ ಬೈಬಲಿನಲ್ಲಿ ಇರುವ ಶಬ್ದ 'ಗೋಯ್', ಬಹುವಚನದಲ್ಲಿ 'ಗೋಯಿಮ್'. ಅದರ ಅರ್ಥ ಜನಾಂಗ, ಅಷ್ಟೇ. ಆದಿಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ ಅಬ್ರಹಾಮನಿಂದ ದೊಡ್ಡದೊಂದು ಜನಾಂಗ ಹುಟ್ಟುತ್ತದೆ ಎಂಬ ಮಾತು ಬರುವಲ್ಲಿ ಇರುವುದು ಇದೇ ಗೋಯ್. ವಿಮೋಚನಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲನ್ನು ಪವಿತ್ರ ಜನಾಂಗ ಎಂದು ಕರೆಯುವಾಗಲೂ ಇದೇ ಗೋಯ್. ಎಂದರೆ ಇಸ್ರಾಯೇಲೂ ಒಂದು ಗೋಯ್. ಗ್ರೀಕಿನಲ್ಲಿ ಇದಕ್ಕೆ 'ಎಥ್ನೋಸ್', ಬಹುವಚನ 'ಎಥ್ನೆ'. ಯೆಹೂದ್ಯರು ಮತ್ತು ಉಳಿದವರು ಎಂಬ ಗೆರೆ ಈ ಪದಗಳ ಬಳಕೆಯಲ್ಲಿ ಕಾಲಕಾಲಕ್ಕೆ ಮೂಡಿದ್ದು ನಿಜ. ಆದರೆ ಪದದ ಹೊಟ್ಟೆಯೊಳಗೆ 'ಬೇರೆಯವನು, ಪರಕೀಯ' ಎಂಬ ಅರ್ಥ ಇಲ್ಲ.

ಕನ್ನಡದಲ್ಲಿ ಆದದ್ದೇನು? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೂತಲ್ಲಿಂದ ಹಿಡಿದು ಕನ್ನಡ ಬೈಬಲ್ ಎಷ್ಟೋ ಕೈಗಳನ್ನು ದಾಟಿ ಬಂದಿದೆ. ಇಂದು ನಮ್ಮ ಸಭೆಗಳಲ್ಲಿ ಓದುವ ಸತ್ಯವೇದದಲ್ಲಿ ಯೆಹೂದ್ಯರಲ್ಲದವರಿಗೆ ಬಳಸುವ ಪದ 'ಅನ್ಯಜನರು'. ಅದೇ ಗ್ರೀಕ್ ಪದ ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಬರುವಾಗ ಅದು 'ದೇಶಗಳ ಜನರು' ಆಗಿದೆ. ಶಿಷ್ಯರನ್ನು ಮಾಡಿಕೊಳ್ಳಲು ಹೋಗುವಾಗ ಅವರು ದೇಶಗಳ ಜನರು. ಹೊರಗೆ ನಿಲ್ಲಿಸುವಾಗ ಅನ್ಯಜನರು! ಅನುವಾದಕರ ಮನಸ್ಸಿನಲ್ಲಿ ಕೆಡುಕಿತ್ತೆಂದು ನಾನು ಹೇಳುತ್ತಿಲ್ಲ. ಆದರೆ 'ಅನ್ಯ' ಕನ್ನಡದಲ್ಲಿ ಬರಿಯ ಜನಾಂಗವಲ್ಲ. ಅನ್ಯಾಯ ಎಂಬ ಮಾತಿನ ನೆರೆಯಲ್ಲೇ ಅದು ಕಿವಿಗೆ ಬೀಳುತ್ತದೆ. ನಮ್ಮವನಲ್ಲ, ಒಳಗೆ ಬಿಟ್ಟುಕೊಳ್ಳಬಾರದವನು ಎಂಬ ವಾಸನೆ ಅದಕ್ಕಿದೆ.

ಅದಕ್ಕಿಂತ ದೊಡ್ಡ ಪ್ರಮಾದ ಆಮೇಲೆ ನಡೆದಿದೆ. ಬೈಬಲಿನ ಲೆಕ್ಕದಲ್ಲಿ ಅನ್ಯಜನ ಯಾರು? ಅಬ್ರಹಾಮನ ವಂಶದಲ್ಲಿ ಹುಟ್ಟದ, ಸೀನಾಯಿಯ ನಿಯಮ ಪಡೆಯದ ಎಲ್ಲರೂ. ಆ ಸಭಾಪಾಲಕರು, ನಮ್ಮಪ್ಪ, ನಮ್ಮವ್ವ, ನಾನು, ಹರಿಹರ ದಾವಣಗೆರೆಯ ಕ್ರೈಸ್ತರಷ್ಟೂ ಜನ ಅನ್ಯಜನರೇ. ದೀಕ್ಷಾಸ್ನಾನವಾದ ಮಾತ್ರಕ್ಕೆ ಯಾರೂ ಯೆಹೂದ್ಯರಾಗುವುದಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಯೇಸುವನ್ನು ನಂಬಿದವರಿಗೇ ನೇರವಾಗಿ, ಅನ್ಯಜನರಾದ ನಿಮಗೆ ಹೇಳುತ್ತೇನೆ ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ನಾವು ಮಾತ್ರ ಆ ಹೆಸರನ್ನು ನಮ್ಮ ಹೆಗಲಿನಿಂದ ಕಳಚಿ, ಪಕ್ಕದ ಮನೆಯ ಹಿಂದೂವಿನ, ಮುಸ್ಲಿಮನ ಹೆಗಲಿಗೆ ಹಾಕಿದ್ದೇವೆ. ಚೀಟಿ ಬದಲಾಯಿತು, ನಾವು ರಾತ್ರೋರಾತ್ರಿ ಇಸ್ರಾಯೇಲಾದೆವು. ಈಚೆಗೆ ಕೆಲವು ಪ್ರಾರ್ಥನಾ ಮಂದಿರಗಳಲ್ಲಿ ಇಸ್ರೇಲ್ ದೇಶದ ಧ್ವಜ, ಏಳು ಕವಲಿನ ದೀಪಸ್ತಂಭ, ಟಗರಿನ ಕೊಂಬಿನ ಕಹಳೆ ನೋಡುತ್ತಿದ್ದೇನೆ. ಆ ಗುರುತುಗಳು ಯಾರ ನೋವಿನಿಂದ, ಯಾರ ಇತಿಹಾಸದಿಂದ ಬಂದವೋ ಆ ಜನರ ಬಗ್ಗೆ ಅಲ್ಲಿ ಒಂದು ಮಾತೂ ಇರುವುದಿಲ್ಲ.

ಇನ್ನು ಒಡಂಬಡಿಕೆಯ ವಿಚಾರ. ಸಭಾಪಾಲಕರು ಅದನ್ನು ಏಕವಚನದಲ್ಲಿ ಹೇಳಿದರು, ಒಂದೇ ಬೇಲಿ ಇದ್ದಂತೆ. ಬೈಬಲಿನಲ್ಲಿ ಒಡಂಬಡಿಕೆಗಳು ಹಲವು. ಮೊದಲನೆಯದು ಪ್ರಳಯದ ನಂತರ ನೋಹನೊಂದಿಗೆ ಆದದ್ದು. ಅದರಲ್ಲಿ ಎದುರು ಪಕ್ಷ ಯಾರು? ನೋಹ, ಅವನ ಸಂತತಿ, ಎಂದರೆ ಮನುಷ್ಯಕುಲವಿಡೀ, ಮತ್ತು ನಾವೆಯಿಂದ ಇಳಿದ ಹಕ್ಕಿಗಳು, ದನಕರುಗಳು, ಕಾಡುಮೃಗಗಳು. ಗುರುತು ಮುಗಿಲಿನ ಬಿಲ್ಲು. ಆ ಹೊತ್ತಿಗೆ ಇಸ್ರಾಯೇಲ್ ಎಂಬ ಹೆಸರೇ ಹುಟ್ಟಿರಲಿಲ್ಲ. ನಮ್ಮಜ್ಜಿ ಒಡಂಬಡಿಕೆಯ ಹೊರಗೆ ಎನ್ನುವವರು ಯಾವ ಒಡಂಬಡಿಕೆಯ ಹೊರಗೆ ಎಂದು ಮೊದಲು ಹೇಳಲಿ. ನೋಹನ ಒಡಂಬಡಿಕೆಯಲ್ಲಿ ಅವಳ ಎಮ್ಮೆಗೂ ಜಾಗ ಇದೆ.

ಎರಡನೆಯದು ಅಬ್ರಹಾಮನದು. ಇದರಲ್ಲಿ ಘಟನೆಗಳ ಕ್ರಮ ಬಹಳ ಮುಖ್ಯ, ನಮ್ಮ ಪ್ರಸಂಗಗಳಲ್ಲಿ ಅದನ್ನೇ ನುಂಗಿಬಿಡುತ್ತಾರೆ. ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಅಬ್ರಹಾಮ ದೇವರ ಮಾತು ನಂಬಿದ, ಅದೇ ಅವನ ನೀತಿಯೆಂದು ಎಣಿಕೆಯಾಯಿತು. ಸುನ್ನತಿಯ ಗುರುತು ಬಂದದ್ದು ಹದಿನೇಳನೆಯ ಅಧ್ಯಾಯದಲ್ಲಿ, ಅವನಿಗೆ ತೊಂಬತ್ತೊಂಬತ್ತು ವರ್ಷವಾಗಿದ್ದಾಗ. ಹಾಗಾದರೆ ನೀತಿವಂತನೆಂದು ಎಣಿಸಿದ ಹೊತ್ತಿನಲ್ಲಿ ಅವನು ಯಾರು? ಊರ್ ಪಟ್ಟಣದ ಕಡೆಯಿಂದ ಹೊರಟು ಬಂದ, ಸುನ್ನತಿಯಾಗದ, ಧರ್ಮಶಾಸ್ತ್ರದ ಗಂಧ ಕಾಣದ ಒಬ್ಬ ಗೋಯ್. ಪೌಲ ಇದೇ ಕ್ರಮವನ್ನು ಹಿಡಿದು ರೋಮಾಪುರದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ವಾದಿಸುತ್ತಾನೆ. ಒಡಂಬಡಿಕೆಯ ಮೂಲಪುರುಷನೇ ಒಬ್ಬ ಅನ್ಯಜನ. ಅವನಿಗೆ ಕೊಟ್ಟ ಮಾತಿನಲ್ಲೂ ಭೂಮಿಯ ಎಲ್ಲ ಕುಲಗಳು ಅವನ ಮೂಲಕ ಆಶೀರ್ವಾದ ಕಾಣುತ್ತವೆ ಎಂಬುದು ಮೊದಲ ದಿನದಿಂದ ಇದೆ. ಹೊರಗಿನವರು ಆಮೇಲೆ ಕನಿಕರದಿಂದ ಸೇರಿಸಿಕೊಂಡವರಲ್ಲ, ಗುತ್ತಿಗೆಯ ಮೊದಲ ಸಾಲಿನಲ್ಲೇ ಇದ್ದವರು.

ನಮ್ಮೂರಿನವರಿಗೆ ಇದನ್ನು ವಿವರಿಸುವುದು ಕಷ್ಟವಿಲ್ಲ. ನಮ್ಮದು ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ. ನೀರು ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ಬಿಟ್ಟರೆ ಎಷ್ಟೋ ಊರು ದಾಟಿ ನಮ್ಮ ಗದ್ದೆಗೆ ಬರಬೇಕು. ಮೇಲಿನವರು ತೂಬು ಒಡೆದು, ಪಂಪು ಇಟ್ಟು ಎಳೆದುಕೊಂಡರೆ ನಾಟಿ ಮಾಡಿದ ಭತ್ತ ನಮ್ಮ ಕಣ್ಣೆದುರೇ ಒಣಗುತ್ತದೆ. ಕೊನೆ ಭಾಗದ ರೈತರು ರಸ್ತೆ ತಡೆಗೆ ಕೂತಾಗ ಕೇಳುವುದು ಒಂದೇ ಮಾತು: ನಾಲೆ ನಿಮ್ಮ ಊರಿನ ಮೇಲೆ ಹಾದು ಬಂದದ್ದಕ್ಕೆ ನೀರು ನಿಮ್ಮದಾಯಿತಾ? ಇಸ್ರಾಯೇಲಿನ ಆಯ್ಕೆ ಎಂಬುದನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ನಾಲೆಯ ತಲೆಭಾಗದಲ್ಲಿರುವುದು ನಿಜವಾದ ಭಾಗ್ಯ, ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಆದರೆ ನಾಲೆಯ ನಕ್ಷೆ ಬರೆದದ್ದು ಕೊನೆಯ ಗದ್ದೆಯನ್ನು ಲೆಕ್ಕ ಹಾಕಿಯೇ.

ಇದನ್ನು ಹಳೆಯ ಒಡಂಬಡಿಕೆಯ ಪುಸ್ತಕಗಳೇ ತಮ್ಮ ಜನರಿಗೆ ಮತ್ತೆ ಮತ್ತೆ ನೆನಪಿಸಿವೆ. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ರೂತಳ ಪುಸ್ತಕ ತೆರೆದರೆ ಮೋವಾಬಿನ ಆ ವಿಧವೆ ದಾವೀದ ರಾಜನ ಮುತ್ತಜ್ಜಿ. ಎರಡೂ ಒಂದೇ ಬೈಬಲಿನಲ್ಲಿವೆ. ಇಸ್ರಾಯೇಲನ್ನು ಈಜಿಪ್ಟಿನಿಂದ ತಂದಂತೆಯೇ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನೆಲಕ್ಕೆ ತಂದವನು ತಾನೇ ಎಂದು ದೇವರು ಹೇಳಿದ ಮಾತು ಆಮೋಸನಲ್ಲಿದೆ. ಆ ಇಬ್ಬರೂ ಇಸ್ರಾಯೇಲಿನ ಹಗೆಗಳು! ಶತ್ರು ದೇಶಗಳಾದ ಈಜಿಪ್ಟ್, ಅಸ್ಸೂರಗಳನ್ನು ಇಸ್ರಾಯೇಲಿನ ಪಕ್ಕದಲ್ಲಿ ಕೂರಿಸಿ ಹರಸುವ ದರ್ಶನ ಯೆಶಾಯನ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ.

ಎಲ್ಲಕ್ಕಿಂತ ಖಾರವಾದದ್ದು ಯೋನನ ಕಥೆ. ಮಕ್ಕಳಿಗೆ ಮೀನಿನ ಹೊಟ್ಟೆಯವರೆಗೆ ಹೇಳಿ ನಿಲ್ಲಿಸುತ್ತೇವೆ, ಕಥೆಯ ಚುರುಕು ಇರುವುದು ಆಮೇಲೆ. ನಿನೆವೆಯವರು ಪಶ್ಚಾತ್ತಾಪ ಪಟ್ಟರು. ಸುನ್ನತಿ ಮಾಡಿಸಿಕೊಳ್ಳಲಿಲ್ಲ, ಜೆರೂಸಲೇಮಿಗೆ ಬರಲಿಲ್ಲ, ಇಸ್ರಾಯೇಲಿಗೆ ಸೇರಲಿಲ್ಲ. ದೇವರು ಕೈಬಿಟ್ಟನೇ? ಇಲ್ಲ, ಶಿಕ್ಷೆಯನ್ನು ಕೈಬಿಟ್ಟ. ಸಿಟ್ಟಾದವನು ಪ್ರವಾದಿ. ಊರು ಸುಟ್ಟುಹೋಗಲಿಲ್ಲವಲ್ಲ ಎಂದು ಮುನಿಸಿಕೊಂಡು ಊರಾಚೆ ಬಿಸಿಲಲ್ಲಿ ಕೂತ. ಅವತ್ತು ಸಂಜೆ ನಮ್ಮ ಪಡಸಾಲೆಯಲ್ಲಿ ಕೂತಿದ್ದವನು ಆ ಯೋನನೇ ಎಂದು ನನಗೆ ಅನ್ನಿಸಿದ್ದುಂಟು.

ಎದುರು ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಅದಕ್ಕೆ ಆಧಾರಗಳಿವೆ. ಯೆರೆಮೀಯನು ಹೇಳಿದ ಹೊಸ ಒಡಂಬಡಿಕೆ ಇಸ್ರಾಯೇಲ್ ಮತ್ತು ಯೆಹೂದ ಮನೆತನಗಳೊಂದಿಗೇ ಹೊರತು ಬೇರೆಯವರ ಹೆಸರು ಅಲ್ಲಿಲ್ಲ. ತಾನು ಬಂದದ್ದು ಇಸ್ರಾಯೇಲಿನ ತಪ್ಪಿಹೋದ ಕುರಿಗಳಿಗಾಗಿ ಮಾತ್ರ ಎಂಬ ಅರ್ಥದ ಮಾತನ್ನು ಯೇಸು ಆಡಿದ್ದು ಮತ್ತಾಯನಲ್ಲಿದೆ. ಮಗಳಿಗೆ ವಾಸಿಮಾಡು ಎಂದು ಬೇಡಿಬಂದ ಹೊರಗಿನ ಹೆಂಗಸಿಗೆ ಅವನು ಕೊಟ್ಟ ಮೊದಲ ಉತ್ತರ, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕಬಾರದು ಎಂಬುದು. ಎಂಜಲು, ಹೊರಗೆ ನಿಲ್ಲುವುದು, ಎತ್ತಿ ಹಾಕುವುದು ಏನೆಂದು ಗೊತ್ತಿರುವ ನಮ್ಮ ನಾಡಿನಲ್ಲಿ ಆ ಮಾತನ್ನು ಓದುವಾಗ ಎದೆ ಬಿಗಿಯುತ್ತದೆ. ನಾನು ಅದನ್ನು ಮೆತ್ತಗೆ ಮಾಡಿ ಹೇಳುವುದಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೇಜಿನ ಕೆಳಗಿನ ನಾಯಿಮರಿಗಳಿಗೂ ಮಕ್ಕಳ ಕೈಯಿಂದ ಚೂರು ಬೀಳುತ್ತದಲ್ಲ ಎಂದು ಆ ತಾಯಿ ತಿರುಗಿ ಹೇಳಿದಳು. ಯೇಸುವಿನೊಂದಿಗೆ ಮಾತಿಗೆ ಮಾತು ಕೊಟ್ಟು ಗೆದ್ದ ಒಬ್ಬಳು ಹೊರಗಿನ ಹೆಂಗಸನ್ನು ಸುವಾರ್ತೆಯೇ ಮರೆಮಾಡದೆ ದಾಖಲಿಸಿದೆ. ಮಗಳು ವಾಸಿಯಾದಳು. ಅವಳಿಗೆ ಯಾರೂ ದೀಕ್ಷಾಸ್ನಾನ ಕೊಡಲಿಲ್ಲ, ನಿನ್ನ ದೇವರು ಯಾರು ಎಂದು ಕೇಳಲಿಲ್ಲ.

ಆಮೇಲಿನ ಜಗಳ ಊಟದ ಪಂಕ್ತಿಯದು. ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಪೇತ್ರ ಹೋಗುತ್ತಾನೆ. ಪೇತ್ರ ಇನ್ನೂ ಮಾತಾಡುತ್ತಿರುವಾಗಲೇ ಆ ಮನೆಯವರ ಮೇಲೆ ಪವಿತ್ರಾತ್ಮ ಇಳಿಯಿತು. ನೀರು ಆಮೇಲೆ ಬಂತು. ದೇವರು ಮೊದಲು ಒಳಗೆ ಹೋದ, ಸಭೆ ಹಿಂದಿನಿಂದ ಓಡಿಹೋಗಿ ಸೇರಿಕೊಂಡಿತು. ಸುಮಾರು ಕ್ರಿ.ಶ. 49ರ ಹೊತ್ತಿಗೆ ಜೆರೂಸಲೇಮಿನಲ್ಲಿ ಸಭೆ ಕೂಡಿ, ಹೊರಗಿನವರು ಯೆಹೂದ್ಯರಾಗದೆಯೇ ಸೇರಬಹುದು, ಸುನ್ನತಿ ಬೇಡ ಎಂದು ತೀರ್ಮಾನವಾಯಿತು. ಇಷ್ಟಾದರೂ ಅಂತಿಯೋಕ್ಯದಲ್ಲಿ ಪೇತ್ರ ಎಡವಿದ. ಹೊರಗಿನವರ ಜೊತೆ ಕೂತು ಉಣ್ಣುತ್ತಿದ್ದವನು, ಜೆರೂಸಲೇಮಿನ ಕಡೆಯವರು ಬಂದ ಕೂಡಲೇ ಎದ್ದು ಬೇರೆ ಕೂತ. ಕನ್ನಡದಲ್ಲಿ ಇದಕ್ಕೆ ಸರಿಯಾದ ಹೆಸರು ಪಂಕ್ತಿಭೇದ. ಪೌಲ ಅವನನ್ನು ಎಲ್ಲರೆದುರು ಮುಖಕ್ಕೆ ಮುಖ ಕೊಟ್ಟು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಓದಿ. ಕ್ರೈಸ್ತಧರ್ಮ ಕನ್ನಡನಾಡಿನವರೆಗೆ ಬರಲು ದಾರಿಯಾದದ್ದು ಒಂದು ಪಂಕ್ತಿಭೇದದ ವಿರುದ್ಧ ನಡೆದ ಜಗಳದಿಂದ. ಆ ಧರ್ಮವನ್ನು ಹಿಡಿದವರು ಹಾಲು ತುಪ್ಪದ ದಿನ ಸತ್ತವಳನ್ನು ಪಂಕ್ತಿಯಿಂದ ಎಬ್ಬಿಸುತ್ತಾರೆ!

ಯೆರೆಮೀಯನ ಮಾತಿಗೆ ಉತ್ತರವೂ ಇಲ್ಲೇ ಇದೆ. ಹೌದು, ಹೊಸ ಒಡಂಬಡಿಕೆ ಇಸ್ರಾಯೇಲಿನದೇ. ನಮಗಾಗಿ ಬೇರೊಂದು ಬರೆದಿಲ್ಲ. ನಾವು ಕಸಿ ಮಾಡಿದ ಕೊಂಬೆಗಳು. ರೋಮಾಪುರದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲ ಊರೆಣ್ಣೆ ಮರಕ್ಕೆ ಕಾಡೆಣ್ಣೆಯ ಕೊಂಬೆ ಕಸಿ ಕಟ್ಟಿದ ಹೋಲಿಕೆ ಕೊಟ್ಟು, ಬೇರು ನಿನ್ನನ್ನು ಹೊತ್ತಿದೆ, ನೀನು ಬೇರನ್ನು ಹೊತ್ತಿಲ್ಲ, ಜಂಬ ಬೇಡ ಎಂಬರ್ಥದಲ್ಲಿ ಎಚ್ಚರಿಸುತ್ತಾನೆ. ಮಾವಿಗೆ ಕಸಿ ಕಟ್ಟಿ ಗೊತ್ತಿರುವವರು ಇದನ್ನು ಬೇಗ ಹಿಡಿಯುತ್ತಾರೆ. ಸಭೆಯ ಚರಿತ್ರೆ ಈ ಎಚ್ಚರಿಕೆಯನ್ನು ಕೇಳಲಿಲ್ಲ. ಕೊಂಬೆಗಳು ತಾವೇ ಮರವೆಂದು ಘೋಷಿಸಿಕೊಂಡು, ಬೇರಿನ ಜನರನ್ನು ಯೂರೋಪಿನ ಊರೂರಿನಲ್ಲಿ ಬೇಟೆಯಾಡಿದವು. ಕೊನೆ ಭಾಗದವನು ತನಗೆ ನೀರು ಸಿಕ್ಕ ಮೇಲೆ ಮೇಲಿನ ನಾಲೆಗೆ ಮಣ್ಣು ಸುರಿದಂತಾಯಿತು. ಎಲ್ಲರಿಗೂ ರಕ್ಷಣೆ ಇದೆ ಎನ್ನುವ ಭರದಲ್ಲಿ ಇಸ್ರಾಯೇಲಿನ ಪಾಲು ರದ್ದಾಯಿತು ಎನ್ನುವವರ ಜೊತೆ ನಾನಿಲ್ಲ.

ಬಾಗಿಲು ಹಾಕಿಕೊಂಡವರು ಎಂದು ನಾವು ದೂರುವ ಯೆಹೂದ್ಯ ಸಂಪ್ರದಾಯ ಈ ಪ್ರಶ್ನೆಯನ್ನು ಹೇಗೆ ಕಂಡಿತು? ಹೊರಗಿನ ಜನಾಂಗಗಳವರಿಗೆ ಬರುವ ಲೋಕದಲ್ಲಿ ಪಾಲುಂಟೇ ಎಂದು ಯೇಸುವಿನ ನಂತರದ ಶತಮಾನದಲ್ಲಿ ಇಬ್ಬರು ರಬ್ಬಿಗಳು ವಾದ ಮಾಡಿದರು. ಇಲ್ಲ ಎಂದವರು ಎಲೀಯೆಜರ್. ಅವರಲ್ಲಿನ ನೀತಿವಂತರಿಗೆ ಉಂಟು ಎಂದವರು ಯೆಹೋಶುವ. ಸಂಪ್ರದಾಯ ಎತ್ತಿಹಿಡಿದದ್ದು ಯೆಹೋಶುವರನ್ನು. ಕಲ್ಯಾಣದಲ್ಲಿ ಶರಣರಿದ್ದ ಶತಮಾನದಲ್ಲೇ ಬದುಕಿದ್ದ ಮೈಮೊನಿಡಿಸ್ ನೋಹನ ಏಳು ನಿಯಮಗಳನ್ನು ದೇವರ ಆಜ್ಞೆಯೆಂದು ಪಾಲಿಸುವ ಹೊರಗಿನವರಿಗೆ ಆ ಪಾಲಿದೆ ಎಂದು ಶಾಸ್ತ್ರಗ್ರಂಥದಲ್ಲೇ ಬರೆದಿಟ್ಟ. ಮತಾಂತರದ ಶರತ್ತಿಲ್ಲ. ನಮ್ಮ ಕಡೆ ನೋಡಿದರೆ 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ ಸಭೆಯ ಹೊರಗಿನವರೆಲ್ಲ ನಿತ್ಯದ ಬೆಂಕಿಗೆ ಎಂದು ಬರೆಯಿತು. ಕಥೋಲಿಕ ಧರ್ಮಸಭೆ ಅಲ್ಲಿಂದ ತಿರುಗಿ ಬರಲು ಐನೂರು ವರ್ಷ ಬೇಕಾಯಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ ಮನಸ್ಸಾಕ್ಷಿಯಂತೆ ನಡೆದರೆ ರಕ್ಷಣೆ ಹೊಂದಬಹುದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಯೆಹೂದ್ಯರನ್ನು ದೇವರು ತಳ್ಳಿಬಿಟ್ಟವರೆಂದು ಚಿತ್ರಿಸಬಾರದೆಂದಿತು.

ಕನ್ನಡದವರೂ ಈ ಚರ್ಚೆಯಲ್ಲಿ ಹಿಂದೆ ಬಿದ್ದಿಲ್ಲ. 1894ರ ನಿಘಂಟಿನ ಕಿಟ್ಟೆಲ್ ಅದಕ್ಕೂ ಮೊದಲೇ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ 'ಕಥಾಮಾಲೆ' ಬರೆದರು. ಅವರು ಮಿಷನರಿ, ಮತಾಂತರ ಅವರ ಗುರಿ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಆ ಕಥೆಗೆ ನಮ್ಮ ಛಂದಸ್ಸು ಅನ್ಯವೆಂದು ಅವರಿಗೆ ಅನ್ನಿಸಲಿಲ್ಲ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಜಿನೀವಾದ ಜಾಗತಿಕ ಚರ್ಚುಗಳ ಒಕ್ಕೂಟದಲ್ಲಿ ಅಂತರಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಕ್ರಿಸ್ತನನ್ನು ಕ್ರೈಸ್ತರ ಆಸ್ತಿ ಮಾಡಿಕೊಳ್ಳಬೇಡಿ ಎಂಬುದು ಅವರ ಬರಹಗಳ ತಿರುಳು. ಅವರಿಗೆ ಸ್ವಂತ ಸಭೆಗಳಿಂದಲೇ ವಿರೋಧವಿತ್ತು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಹೊರದೇಶದ ಬೋಧಕರ ಹೆಸರು ಹತ್ತು ಕೇಳುತ್ತೇವೆ, ಕಾರ್ಕಳದ ಈ ಒಬ್ಬರ ಹೆಸರು ಕೇಳುವುದಿಲ್ಲ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು. ಬೇರೆ ಯಾವ ಹೆಸರಿನಿಂದಲೂ ರಕ್ಷಣೆ ಇಲ್ಲವೆಂದು ಪೇತ್ರ ಹೇಳಿದ್ದಾನಲ್ಲ, ತಂದೆಯ ಬಳಿಗೆ ತಾನೇ ದಾರಿ ಎಂದು ಯೇಸು ಹೇಳಿದ್ದಾನಲ್ಲ? ಹೇಳಿದ್ದಾರೆ, ನಾನು ನಂಬುತ್ತೇನೆ ಕೂಡ. ಆದರೆ ಆ ವಾಕ್ಯಗಳಲ್ಲಿ ಯಾರು ರಕ್ಷಿಸುತ್ತಾನೆ ಎಂಬುದಕ್ಕೆ ಉತ್ತರವಿದೆ, ಅವನು ಯಾರನ್ನು ರಕ್ಷಿಸಲಾರ ಎಂಬ ಪಟ್ಟಿ ಇಲ್ಲ. ಆ ಪಟ್ಟಿ ನಮ್ಮ ಸೇರ್ಪಡೆ. ಅಬ್ರಹಾಮ ಯೇಸುವಿನ ಹೆಸರು ಕೇಳಿ ಸತ್ತನೇ? ಯೋಬ ಇಸ್ರಾಯೇಲಿನವನೇ ಅಲ್ಲ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕೊನೆಯ ತೀರ್ಪಿಗೆ ನಿಲ್ಲುವವರು ಎಲ್ಲ ಎಥ್ನೆಗಳು, ಅದೇ ಪದ, ಅದೇ 'ಅನ್ಯಜನ'. ಅವರಿಗೆ ಕೇಳುವ ಪ್ರಶ್ನೆ ಹಸಿದವನಿಗೆ ಅನ್ನ ಕೊಟ್ಟೆಯಾ, ಪರದೇಶಿಗೆ ಜಾಗ ಕೊಟ್ಟೆಯಾ ಎಂಬುದು. ಬಲಗಡೆ ನಿಂತವರಿಗೆ ತಾವು ಯಾರಿಗೆ ಕೊಟ್ಟೆವೆಂಬುದೇ ಗೊತ್ತಿಲ್ಲ, ಯಾವಾಗ ಕೊಟ್ಟೆವು ಎಂದು ತಿರುಗಿ ಕೇಳುತ್ತಾರೆ.

ನಮ್ಮಜ್ಜಿ ಸಂತಳೇನಲ್ಲ. ಬಾಯಿ ಜೋರು, ಲೆಕ್ಕ ಬಿಗಿ, ಸೊಸೆಯರ ಜೊತೆ ಮಾತು ಬಿಟ್ಟರೆ ತಿಂಗಳು. ಆದರೆ ನಾಟಿಯ ಕಾಲದಲ್ಲಿ ಬೇರೆ ಜಿಲ್ಲೆಯಿಂದ ಬರುತ್ತಿದ್ದ ಕೂಲಿ ಹೆಂಗಸರಿಗೆ ಊರಲ್ಲಿ ಮಲಗಲು ಜಾಗವಿಲ್ಲದಾಗ ನಮ್ಮ ಪಡಸಾಲೆ ಬಿಟ್ಟುಕೊಡುತ್ತಿದ್ದಳು, ಅವರ ಕೂಸುಗಳಿಗೆ ಹಾಲು ಕಾಯಿಸುತ್ತಿದ್ದಳು. ಪ್ರತಿ ವರ್ಷ ಸೆಪ್ಟೆಂಬರ್ 8ಕ್ಕೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಆರೋಗ್ಯ ಮಾತೆಯ ಹಬ್ಬದಲ್ಲಿ ಮೇಣದಬತ್ತಿ ಹಚ್ಚಿ, ಬರುವಾಗ ಹರಿಹರೇಶ್ವರನಿಗೂ ಕೈಮುಗಿದು ಬರುತ್ತಿದ್ದಳು. ಆ ಚರ್ಚಿನ ಸಾಲಿನಲ್ಲಿ ಅವಳಂಥವರು ಎಷ್ಟು ಜನ ಇರುತ್ತಾರೆಂದು ನಮ್ಮ ಕಡೆಯವರಿಗೆ ಗೊತ್ತು.

ಇಲ್ಲಿ ಒಂದು ಸುಲಭದ ದಾರಿ ಇದೆ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ತೋರಿಸಿ, ಅರ್ಧ ಹರಿ ಅರ್ಧ ಹರ, ಎಲ್ಲ ದೇವರೂ ಒಂದೇ, ಜಗಳ ಯಾಕೆ ಎಂದು ಎದ್ದುಬಿಡಬಹುದು. ಅಜ್ಜಿಗೆ ಅದು ಸಾಕಾಗಿತ್ತು, ನನಗೆ ಸಾಲದು. ಎಲ್ಲ ಒಂದೇ ಎಂದರೆ ಆ ಸಭಾಪಾಲಕರು ನಕ್ಕು, ನೀನೂ ಅನ್ಯಜನವಾದೆ ಎನ್ನುತ್ತಾರೆ, ಪುಸ್ತಕ ಅವರ ಕೈಯಲ್ಲೇ ಉಳಿಯುತ್ತದೆ. ನನಗೆ ಬೇಕಾದದ್ದು ಆ ಪುಸ್ತಕದ ಒಳಗಿನಿಂದಲೇ ಉತ್ತರ. ಅಜ್ಜಿ ಸ್ವರ್ಗದಲ್ಲಿದ್ದಾಳೆ ಎಂದು ಸರ್ಟಿಫಿಕೇಟ್ ಕೊಡಲು ನಾನು ಯಾರು? ಅವಳು ಹೊರಗೆ ಎಂದು ಹೇಳಲು ಅವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ಕಸಿ ಕಟ್ಟಿಸಿಕೊಂಡು ಬಂದ ಕೊಂಬೆಗೆ ತೋಟದ ಕಾವಲು ಕೆಲಸ ಯಾರೂ ಕೊಟ್ಟಿಲ್ಲ.

ಹಾಗಾದರೆ ಸುವಾರ್ತೆ ಸಾರುವುದು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ನೀರು ಬಂದಿದೆ ಎಂದು ಪಕ್ಕದ ಗದ್ದೆಯವನಿಗೆ ಕೂಗಿ ಹೇಳುವುದು ಒಂದು, ನಿನ್ನ ಗದ್ದೆ ಒಣಗಿ ಹಾಳಾಯಿತೆಂದು ಅವನ ತಾಯಿಯ ಮೂರನೆಯ ದಿನ ಹೇಳುವುದು ಇನ್ನೊಂದು. ನಮ್ಮಪ್ಪ ಯೇಸುವನ್ನು ಒಪ್ಪಿದ್ದು ಮೊದಲನೆಯದನ್ನು ಕೇಳಿ. ಎರಡನೆಯದನ್ನು ಕೇಳಿದ್ದರೆ ಒಪ್ಪುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ.

ಕೇಳುವುದು ಎರಡೇ. ನೆರೆಯವರನ್ನು ಅನ್ಯಜನರೆಂದು ಕರೆಯುವುದನ್ನು ನಮ್ಮ ಸಭೆಗಳು ಪೀಠದಿಂದಲೂ ಪ್ರಾರ್ಥನೆಯಿಂದಲೂ ನಿಲ್ಲಿಸಲಿ. ಮುಂದೆ ಕನ್ನಡ ಬೈಬಲನ್ನು ಪರಿಷ್ಕರಿಸುವವರು ಆ ಪದವನ್ನು ತೆಗೆದು 'ಜನಾಂಗಗಳು' ಎಂದು ಹಾಕಲಿ, ಹೀಬ್ರೂ ಗ್ರೀಕುಗಳಲ್ಲಿ ಇರುವುದು ಅಷ್ಟೇ.

ಇದನ್ನೆಲ್ಲ ಹೋದ ವಾರ ಚಿಕ್ಕಪ್ಪನಿಗೆ ನನಗೆ ತಿಳಿದಂತೆ ಹೇಳಿದೆ. ಅವರು ಬದುವಿನ ಮೇಲೆ ಕೂತು, ನಾಲೆಯ ಕಡೆ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಅಬ್ರಹಾಮನ ವಿಷಯ ಬಂದಾಗ ಒಂದು ಸಲ ತಲೆಯಾಡಿಸಿದರು. ಆಮೇಲೆ ಕೇಳಿದರು:

"ಸರಿ. ಇದನ್ನ ಅವತ್ತು ಬಂದಿದ್ರಲ್ಲ, ಅವರಿಗೆ ಹೇಳಿದ್ಯಾ?"

"ಇನ್ನೂ ಇಲ್ಲ ಚಿಕ್ಕಪ್ಪ."

"ಮದ್ಲು ಅವರಿಗೆ ಹೇಳಪ. ನಮಗೆ ಹೇಳಿದ್ರೆ ಏನು ಬಂತು? ನಮ್ಮವ್ವ ಯಾರು ಅಂತ ನಮಗೆ ಗೊತ್ತೈತೆ."

ಅದಕ್ಕೇ ಇಲ್ಲಿ ಬರೆದಿದ್ದೇನೆ.